ಅರವತ್ತೊಂದರಲ್ಲಿ ಮುಗಿಯುವ ನಂಬರು

"ಈ ಅರವತ್ತೊಂದು ಯಾರದು?"

ಬೈಂಡಿಂಗ್ ಕೋಣೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಹೊಲಿದಿಟ್ಟ ಪುಸ್ತಕಗಳ ಮೇಲೆ ಭಾರದ ಕಲ್ಲು ಕೂತಿತ್ತು. ಬಟ್ಟಲಿನ ಗೋಂದು ಕೆನೆಗಟ್ಟುತ್ತಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು.

ಮೊಬೈಲಿನ ಪರದೆಯ ಮೇಲೆ ಒಂದೇ ಸಾಲು. ನಿಮ್ಮ ನಂಬರಿಗೆ ಆರು ಅಂಕಿಯ ಕೋಡ್ ಕಳಿಸಲಾಗಿದೆ. ನಂಬರಿನ ಜಾಗದಲ್ಲಿ ಬರೀ ಚುಕ್ಕಿಗಳು, ಕೊನೆಗೆ ಮಾತ್ರ ಆರು ಮತ್ತು ಒಂದು.

ಕೇಳಿದ್ದೇನೋ ಕೇಳಿಬಿಟ್ಟಳು. ಉತ್ತರ ಅವಳಿಗೆ ಗೊತ್ತಿತ್ತು.

ಅವನದು. ಲಿಫ್ಟ್ ರಿಪೇರಿಯವನದು.

ಮೂರು ವರ್ಷದ ಹಿಂದೆ, ಅಮ್ಮನ ಹೆಸರಿನಲ್ಲಿ ಸರ್ಕಾರದ ಚಿಕಿತ್ಸಾ ನೆರವಿನ ಖಾತೆ ತೆರೆದ ದಿನ, ಇವಳ ಮೊಬೈಲು ರಿಪೇರಿ ಅಂಗಡಿಯಲ್ಲಿತ್ತು. "ಸದ್ಯಕ್ಕೆ ನಂದು ಹಾಕು ಗೋಂದಮ್ಮ, ಆಮೇಲೆ ಬದಲಾಯಿಸಿದ್ರಾಯ್ತು," ಎಂದಿದ್ದ ಅವನು. ಸದಾ ಬೆರಳಿಗೆ ಗೋಂದು ಮೆತ್ತಿಕೊಂಡಿರುವವಳಿಗೆ ಅವನೇ ಇಟ್ಟ ಹೆಸರು ಅದು.

ಆ 'ಆಮೇಲೆ' ಬರಲೇ ಇಲ್ಲ. ಒಂದು ಹೆಸರು, ಒಂದು ಪಾಸ್‌ವರ್ಡು, ಅಷ್ಟರಲ್ಲೇ ಮೂರು ವರ್ಷ ಕೆಲಸ ನಡೆದಿತ್ತು. ನಂಬರು ಯಾರದೆಂದು ಯಾರೂ ಕೇಳಿರಲಿಲ್ಲ.

ಈಗ ಕೇಳುತ್ತಿದ್ದರು. ಹಳೆಯ ಪಾಸ್‌ವರ್ಡಿನ ಕಾಲ ಮುಗಿದಿತ್ತು. ಇನ್ನು ಹೆಚ್ಚು ಭದ್ರವಾದ ಹೊಸ ಲಾಗಿನ್ನು. ಅದಕ್ಕೆ ಅಮ್ಮನ ಪರವಾಗಿ ಖಾತೆ ನೋಡಿಕೊಳ್ಳುವ ಇವಳ ಬೆರಳಚ್ಚು ಬೇಕು, ಇಲ್ಲವೇ ಫೋನಿಗೆ ಬರುವ ಕೋಡ್ ಬೇಕು. ಇವತ್ತು ಸಂಜೆ ಐದರೊಳಗೆ ಬದಲಾಗದ ಖಾತೆಗಳಿಗೆ ಬೀಗ. ಬೀಗ ಬಿಡಿಸಲು ಹದಿನೈದು ದಿನ.

ಎರಡು ತಿಂಗಳಿಂದ ಸೂಚನೆ ಬರುತ್ತಲೇ ಇತ್ತು. ಬೆರಳು ಒತ್ತಿದರಾಯಿತು, ಐದು ನಿಮಿಷದ ಕೆಲಸ ಎಂದು ಮುಂದೂಡಿದ್ದಳು. ಇವತ್ತು ಬೆಳಗ್ಗೆ ಸೇವಾ ಕೇಂದ್ರದಲ್ಲಿ ಹತ್ತೂ ಬೆರಳು ಒತ್ತಿದ್ದೇ ಬಂತು.

"ಕಾಗದ ಉಜ್ಜಿ ಉಜ್ಜಿ ರೇಖೆಯೇ ಉಳಿದಿಲ್ಲವಲ್ರೀ," ಎಂದಿದ್ದಳು ಅಲ್ಲಿನ ಗುಮಾಸ್ತೆ. "ನಿಮ್ಮ ಬೆರಳು ಮಷೀನಿಗೆ ಸುಣ್ಣ ಬಳಿದ ಗೋಡೆ ಥರ ಕಾಣುತ್ತೆ. ಮೊಬೈಲಿಗೆ ಕೋಡ್ ತರಿಸ್ಕೊಳ್ಳಿ, ಆಯ್ತು."

ಆಯ್ತು ಅಂತೆ...

ನಾಳೆ ಅಮ್ಮನ ಡಯಾಲಿಸಿಸ್ ಸರದಿ. ಪ್ರತಿ ತಿಂಗಳ ಕೊನೆಯ ದಿನ ಖಾತೆಯಿಂದ ಮುಂದಿನ ತಿಂಗಳ ಅನುಮತಿ ಪತ್ರ ತೆಗೆಯಬೇಕು. ಆ ಪತ್ರ ಇದ್ದರೆ ಮಾತ್ರ ಆಸ್ಪತ್ರೆಯಲ್ಲಿ ಹಾಸಿಗೆ. ಈ ಸಲದ ಪತ್ರ ಹೊಸ ಲಾಗಿನ್ನಿನ ಒಳಗಿತ್ತು.

ಹಿಂದೊಮ್ಮೆ ಯಂತ್ರ ಕೆಟ್ಟು ಒಂದೇ ಒಂದು ಸರದಿ ತಪ್ಪಿತ್ತು. ಅಮ್ಮ ಮಲಗಲಾರದೆ ಗೋಡೆಗೊರಗಿ ಕೂತು, ಆಳದ ಬಾವಿಯಿಂದ ನೀರು ಸೇದುವವಳಂತೆ ಒಂದೊಂದೇ ಉಸಿರು ಎಳೆದಿದ್ದಳು. "ಮಲಗಿದ್ರೆ ಮುಳುಗಿದ ಹಾಗಾಗುತ್ತೆ ಮಗಳೇ..."

ಅದು ಒಂದು ಸರದಿ. ಇದು ಹದಿನೈದು ದಿನ.

ಮೂರು ವರ್ಷದಿಂದ ಒತ್ತದ ನಂಬರನ್ನು ಬೆರಳು ತಾನಾಗಿ ಒತ್ತಿತು. ಗಂಟೆ ಬಾರಿಸುತ್ತಲೇ ಹೋಯಿತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಹತ್ತು ನಿಮಿಷ ಕಳೆದು ಕೋಡ್ ಸತ್ತಿತು. ಗಾಬರಿಯಲ್ಲಿ 'ಮತ್ತೆ ಕಳಿಸಿ' ಒತ್ತಿದ ಮೇಲೆ ಕೆಳಗಿನ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಕೋಡ್ ಕೇಳಲು ಮೂರೇ ಅವಕಾಶ. ಇನ್ನು ಒಂದು ಬಾಕಿ.

ಬೇಕಂತಲೇ ಎತ್ತುತ್ತಿಲ್ಲವೇ?

ಎತ್ತಬೇಕಾದರೂ ಯಾಕೆ? "ನನಗೆ ನಿಮ್ಮ ಮೇಲೆ ಮನಸ್ಸಿಲ್ಲ. ಇನ್ನು ಫೋನ್ ಮಾಡಬೇಡಿ," ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹೇಳಿದವಳು ತಾನೇ ಅಲ್ಲವೇ? ಅದು ಸುಳ್ಳು. ಅಮ್ಮನಿಗೆ ಇನ್ನು ವಾರಕ್ಕೆ ಮೂರು ದಿನ ಆಸ್ಪತ್ರೆ ಎಂದು ಡಾಕ್ಟರು ಹೇಳಿ ಒಂದು ಗಂಟೆಯಾಗಿತ್ತು, ಅಷ್ಟೆ. ಈ ಬಾಳಿಗೆ ಅವನನ್ನು ಕಟ್ಟಿಹಾಕಬಾರದು ಎಂದುಕೊಂಡಿದ್ದಳು. ಆದರೂ ಒಂದು ಮೂಲೆಯಲ್ಲಿ ಆಸೆ... ಜಗಳವಾಡುತ್ತಾನೆ, ಮರುದಿನ ಬಾಗಿಲು ಬಡಿಯುತ್ತಾನೆ ಎಂದು.

ಅವನು ಬರಲಿಲ್ಲ. ಒಂದು ಫೋನೂ ಇಲ್ಲ. ಬಿಡುಗಡೆ ಸಿಕ್ಕಿತೆಂದು ಹಗುರಾಗಿ ಹೋದ ಎಂದೇ ಅವಳು ನಂಬಿದ್ದಳು.

ಮೊಬೈಲು ಸದ್ದು ಮಾಡಿತು. ಅವನಲ್ಲ. ಅಮ್ಮ.

"ಊಟ ಮಾಡಿದ್ಯೇನೇ?"

"ಆಯ್ತಮ್ಮ."

"ನಾಳಿನ ಕಾಗದ ಸಿಕ್ತಾ?"

"ಹ್ಞೂಂ... ಸಿಕ್ತು."

"ಮತ್ತೆ ದನಿ ಯಾಕೆ ಒಣಗಿದೆ? ಗೋಂದು ಕುಡಿದ್ಯಾ?"

"ಕೆಲಸ ಇದೆ, ಇಡ್ತೀನಿ," ಎಂದಳು.

ಇನ್ನೊಂದು ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಆಸ್ಪತ್ರೆಯ ಲಿಫ್ಟಿನೊಳಗೆ, ಗುಂಡಿಗಳ ಮೇಲ್ಗಡೆ, ರಿಪೇರಿ ಕಂಪನಿಯ ಚೀಟಿ ಅಂಟಿಸಿದ್ದರು. ಅವನ ಕಂಪನಿ. ವಾರಕ್ಕೆ ಮೂರು ಸಲ ಹತ್ತಿ ಇಳಿಯುವಾಗ ಬೇರೆಲ್ಲಿ ನೋಡಿದರೂ ಕಣ್ಣು ಕೊನೆಗೆ ಅದರ ಮೇಲೇ ಕೂರುತ್ತಿತ್ತು.

"ಅವ್ರಾ? ಹಳೇ ಬ್ಯಾಂಕ್ ಕಟ್ಟಡದಲ್ಲಿದ್ದಾರೆ," ಎಂದಿತು ಕಚೇರಿಯ ಹೆಣ್ಣು ದನಿ. "ಐದೂವರೆಗೆ ಮುಂಚೆ ಮೇಲೆ ಬರಲ್ಲ. ಫೋನ್ ಜೊತೇಲಿ ಇಟ್ಕೊಳ್ಳಲ್ಲ ಅವ್ರು."

ಐದೂವರೆ.

ಸೊಂಟಕ್ಕೆ ಸಿಕ್ಕಿಸಿದ್ದ ಗೋಂದು ಒರೆಸುವ ಬಟ್ಟೆಯನ್ನೂ ತೆಗೆಯದೆ ಬೀದಿಗಿಳಿದಳು. ಎರಡು ಬೀದಿ. ಓಡಿದಳೋ ನಡೆದಳೋ ಗೊತ್ತಿಲ್ಲ. ಕಟ್ಟಡದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮುದಿ ಕಾವಲುಗಾರ ಕೈ ಅಡ್ಡ ಹಿಡಿದ.

"ಲಿಫ್ಟ್ ಕೆಟ್ಟಿದೆ ತಾಯಿ."

"ಕೆಟ್ಟಿರೋದಕ್ಕೇ ಬಂದೆ. ರಿಪೇರಿಯವರು ಎಲ್ಲಿ?"

"ಒಳಗೆ ಎಲ್ಲೋ ನೇತಾಡ್ತಿದ್ದಾರೆ. ಅವರ ಸಾಮಾನೆಲ್ಲ ಏಳನೇ ಮಹಡೀಲಿದೆ. ಮೆಟ್ಟಿಲು ಹತ್ತಿ, ಅದು ಮಾತ್ರ ಯಾವತ್ತೂ ಕೆಡಲ್ಲ."

ನಾಲ್ಕು ಮೂವತ್ತೈದು.

ಅಮ್ಮ ದಿನಾ ಬೆಳಗ್ಗೆ ಹಾಸಿಗೆಯಲ್ಲೇ ಕೂತು ಕೈ ಮುಗಿದು ಹೇಳುವ ನಾಲ್ಕು ಸಾಲಿನ ಪದ್ಯವೊಂದಿತ್ತು. ಈಚೆಗೆ ಮೂರನೆಯ ಸಾಲಿಗೇ ಅವಳ ಉಸಿರು ಸಾಲುತ್ತಿರಲಿಲ್ಲ. ನಾಲ್ಕನೆಯದನ್ನು ಮಗಳೇ ಹೇಳಿ ಮುಗಿಸುತ್ತಿದ್ದಳು. ಈಗ ಮೆಟ್ಟಿಲಿಗೊಂದು ಪದ ಇಡುತ್ತ ಅದನ್ನೇ ಹೇಳಿಕೊಂಡು ಹತ್ತಿದಳು. ಮೊದಲ ಸಾಲು, ಎರಡನೆಯದು, ಮೂರನೆಯದು... ಅಲ್ಲಿಗೆ ಇವಳ ಉಸಿರೂ ನಿಂತಿತು. ನಾಲ್ಕನೆಯ ಸಾಲು ನಾಲಿಗೆಗೆ ಬರಲಿಲ್ಲ. ಮತ್ತೆ ಮೊದಲಿಂದ ಹೇಳಿದಳು. ಮತ್ತೆ ಅಲ್ಲೇ ನಿಂತಿತು. ಅಪಶಕುನವೇ?

ಏಳನೇ ಮಹಡಿ. ಲಿಫ್ಟಿನ ಬಾಗಿಲು ಬಾಯಿ ತೆರೆದಿತ್ತು, ಅಡ್ಡಕ್ಕೊಂದು ಹಳದಿ ಪಟ್ಟಿ. ಒಳಗೆ ಕತ್ತಲು, ಗ್ರೀಸಿನ ವಾಸನೆ, ಆಳದಿಂದ ಸುತ್ತಿಗೆಯ ಸದ್ದು. ಪಕ್ಕದಲ್ಲಿ ಒಂದು ತಗಡಿನ ಡಬ್ಬ.

ಅವಳಿಗೆ ಆ ಡಬ್ಬ ಗೊತ್ತಿತ್ತು. ಒಳಗಿಳಿಯುವ ಮುಂಚೆ ಫೋನು, ಗಡಿಯಾರ, ಜೇಬಿನ ಚಿಲ್ಲರೆ, ಎಲ್ಲವನ್ನೂ ಅವನು ಅದಕ್ಕೆ ಹಾಕುತ್ತಿದ್ದ. ಮುಚ್ಚಳ ತೆಗೆದಳು. ಫೋನು ಅಲ್ಲೇ ಇತ್ತು.

ಬೇಕಂತ ಎತ್ತದೆ ಇದ್ದಿದ್ದಲ್ಲ...

ಜೊತೆಗೇ ಹೇಡಿಯ ಯೋಚನೆಯೊಂದು ಬಂತು. ಕೋಡ್ ತರಿಸಿ, ನೋಡಿಕೊಂಡು, ಅವನ ಮುಖ ಕಾಣುವ ಮುಂಚೆ ಇಳಿದು ಹೋಗಿಬಿಟ್ಟರೆ? ಹೇಗೂ ಕೈಯಲ್ಲೇ ಇದೆ. ತನ್ನ ಮೊಬೈಲಿನಲ್ಲಿ ಕೊನೆಯ ಅವಕಾಶವನ್ನು ಒತ್ತಿದಳು.

ಅವನ ಫೋನು ಬೆಳಗಿತು. ಒಂದು ಹೊಸ ಮೆಸೇಜು. ಅಷ್ಟೇ ಕಂಡಿದ್ದು. ಓದಲು ಫೋನಿನ ಬೀಗ ತೆಗೆಯಬೇಕಿತ್ತು, ಅದಕ್ಕೆ ಅವನ ಹೆಬ್ಬೆರಳು ಬೇಕಿತ್ತು.

ಅಯ್ಯೋ ದೇವರೇ, ಏನು ಮಾಡಿಕೊಂಡೆ.

ನಾಲ್ಕು ನಲವತ್ತೆರಡು. ಕೊನೆಯ ಕೋಡ್. ಹತ್ತೇ ನಿಮಿಷ.

ಹಳದಿ ಪಟ್ಟಿ ಹಿಡಿದು ಕತ್ತಲಿಗೆ ಬಾಗಿದಳು. "ಯಾರಾದ್ರೂ ಇದ್ದೀರಾ ಕೆಳಗೆ?"

ಸುತ್ತಿಗೆಯ ಸದ್ದು ನಿಂತಿತು. ಎಲ್ಲೋ ಆಳದಲ್ಲಿ ಒಂದು ಬೆಳಕು ಮೇಲಕ್ಕೆ ತಿರುಗಿತು.

"ಪಟ್ಟಿ ದಾಟಿ ಬಗ್ಗಬೇಡಿ. ಯಾರು ಅದು?"

"ನಾನು."

ಹಗ್ಗದಿಂದ ಎಣ್ಣೆ ತೊಟ್ಟಿಕ್ಕುವುದು ಕೇಳಿಸಿತು. ಆಮೇಲೆ, ತುಂಬಾ ಮೆತ್ತಗೆ, "...ಗೋಂದಮ್ಮ?"

"ಅಮ್ಮನ ಖಾತೆ," ಎಂದಳು. "ಕೋಡ್ ನಿಮ್ಮ ಫೋನಿಗೆ ಬಂದಿದೆ. ಇದು ಹೋದ್ರೆ ನಾಳೆ ಅಮ್ಮನಿಗೆ ಹಾಸಿಗೆ ಸಿಗಲ್ಲ. ಹತ್ತು ನಿಮಿಷ ಕೂಡ ಇಲ್ಲ..."

"ಫೋನ್ ತಗೊಂಡು ಇಳಿ. ನಾನು ಮೂರನೇ ಮಹಡೀಲಿ ಹೊರಗೆ ಬಂದು ಹತ್ತಿ ಬರ್ತೀನಿ. ಓಡಬೇಡ, ಬಿದ್ದೀಯ."

ಅವಳು ಓಡಿದಳು.

ಐದನೇ ಮಹಡಿಯ ತಿರುವಿನಲ್ಲಿ ಇಬ್ಬರೂ ಎದುರಾದರು. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಮೊದಲಿರಲಿಲ್ಲ ಅವು. ಮುಂಗೈವರೆಗೆ ಕಪ್ಪು ಗ್ರೀಸು. ಅವನು ಕೈ ಚಾಚಿ ಫೋನು ತೆಗೆದುಕೊಂಡ, ಹೆಬ್ಬೆರಳು ಒತ್ತಿದ. ಫೋನು ಒಪ್ಪಲಿಲ್ಲ. ಪ್ಯಾಂಟಿಗೆ ಉಜ್ಜಿ ಮತ್ತೆ ಒತ್ತಿದ. ಒಪ್ಪಲಿಲ್ಲ.

"ಕೊಡಿ ಇಲ್ಲಿ."

ಸೊಂಟದ ಬಟ್ಟೆ ಎಳೆದು, ಅವನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಒರೆಸಿದಳು. ಪುಸ್ತಕದ ಬೆನ್ನು ಒರೆಸುವ ಹಾಗೆ, ಒಂದೇ ದಿಕ್ಕಿಗೆ, ಒಂದು ಗೆರೆಯೂ ಬಿಡದೆ.

"ಈಗ ಒತ್ತಿ."

ಫೋನು ತೆರೆಯಿತು.

"ನಾಲ್ಕು, ಸೊನ್ನೆ, ಏಳು," ಅವನು ಓದಿದ. "ಮತ್ತೊಂದು ಏಳು... ಎರಡು, ಒಂಬತ್ತು."

ಅವಳು ಅಂಕಿ ಒತ್ತಿದ ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತತೊಡಗಿತು. ಸುತ್ತುತ್ತಲೇ ಇತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಬಂತು," ಎಂದ ಅವನು. "ನೋಡು. ಅಮ್ಮನ ಹೆಸರು ಬಂತು."

ಅನುಮತಿ ಪತ್ರ. ನಾಳಿನ ತಾರೀಖು. ಅದನ್ನು ಉಳಿಸಿಕೊಂಡು, ನೇರ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ 'ಸ್ವೀಕರಿಸಲಾಗಿದೆ' ಎಂದು ಬಂದ ಮೇಲೆಯೇ ಅವಳು ಮೆಟ್ಟಿಲ ಮೇಲೆ ಕೂತಿದ್ದು. ಮರೆತಿದ್ದ ನಾಲ್ಕನೆಯ ಸಾಲು ಕರೆಯದೆ ಬಂದು ತುಟಿಯ ಮೇಲೆ ನಿಂತಿತು. ಮನಸ್ಸಿನಲ್ಲೇ ಹೇಳಿ ಮುಗಿಸಿದಳು.

ಅವನು ಎರಡು ಮೆಟ್ಟಿಲು ಕೆಳಗೆ ಕೂತ. ಫೋನು ಇನ್ನೂ ತೆರೆದೇ ಇತ್ತು. ಕೋಡಿನ ಮೇಲ್ಗಡೆ ಅದೇ ಇಲಾಖೆಯಿಂದ ಬಂದ ಹಳೆಯ ಮೆಸೇಜುಗಳು. ನಿಮ್ಮ ಖಾತೆಗೆ ಪ್ರವೇಶ ಆಗಿದೆ. ಹೋದ ತಿಂಗಳ ಕೊನೆಯ ದಿನ. ಅದರ ಹಿಂದಿನ ತಿಂಗಳು. ಅದರ ಹಿಂದಿನದು...

"ಇವೆಲ್ಲ ಏನು?"

"ನೀನು ಖಾತೆ ಒಳಗೆ ಹೋದಾಗಲೆಲ್ಲ ನನಗೆ ಮೆಸೇಜು ಬರುತ್ತೆ. ಗೊತ್ತಿರಲಿಲ್ವಾ?"

"ಇಲ್ಲ."

"ಮೂವತ್ತಾರು ಇವೆ." ಅವನು ಕೈಯ ಗ್ರೀಸನ್ನೇ ನೋಡುತ್ತಿದ್ದ. "ತಿಂಗಳ ಕೊನೇ ದಿನ ನಾನು ಶಾಫ್ಟಿಗೆ ಬೇಗ ಇಳಿಯಲ್ಲ. ಮೆಸೇಜು ಬಂದ್ರೆ... ಅಮ್ಮ ಇದ್ದಾರೆ, ಮಗಳು ಓಡಾಡ್ತಿದ್ದಾಳೆ ಅಂತ. ಆಮೇಲೆ ಇಳೀತೀನಿ. ಇವತ್ತು ಮೂರೂವರೆವರೆಗೂ ಕಾದೆ. ಬರಲಿಲ್ಲ. ಇನ್ನು ಕಾದ್ರೆ ಭಯ ಆಗುತ್ತೆ ಅಂತ ಇಳಿದೆ."

ಅಷ್ಟು ಹೊತ್ತು ತಾನೊಬ್ಬಳೇ ಹೆದರಿದ್ದೆ ಎಂದುಕೊಂಡಿದ್ದಳು.

"ಒಂದು ಸಲವಾದ್ರೂ ಫೋನ್ ಮಾಡಬಹುದಿತ್ತು ನೀವು."

"ಮಾಡಬೇಡಿ ಅಂದಿದ್ಯಲ್ಲ."

"ಅಂದ್ರೆ ಅಷ್ಟೇನಾ? ಯಾಕೆ ಅಂತ ಕೇಳೋದು ಬೇಡ್ವಾ?"

"ನಾನು ಲಿಫ್ಟ್ ರಿಪೇರಿಯವನು," ಎಂದ ಅವನು. "ಒಳಗಿರೋವಾಗ ಮೇಲಿಂದ ಒಬ್ರು ನಿಲ್ಲು ಅಂದ್ರೆ ನಿಲ್ಲಬೇಕು. ಯಾಕೆ ಅಂತ ಕೇಳ್ತಾ ಕೂತ್ರೆ ಕೈಯೇ ಇರಲ್ಲ. ಹದಿನೆಂಟು ವರ್ಷದಿಂದ ಅದೇ ಅಭ್ಯಾಸ. ಮತ್ತೆ ಹೊರಡು ಅಂತ ಹೇಳೋದೂ ಮೇಲಿದ್ದವರೇ. ಅಲ್ಲಿವರೆಗೆ ಕಾಯಬೇಕು."

ಹಾಗಾದರೆ ಹೋಗಿರಲಿಲ್ಲ. ನಿಂತಿದ್ದ. ಮೂರು ವರ್ಷ, ಅವಳು ನಿಲ್ಲು ಎಂದ ಜಾಗದಲ್ಲೇ.

"ಅವತ್ತು ನಾನು ಹೇಳಿದ್ದು ಸುಳ್ಳು," ಎಂದಳು. "ಮನಸ್ಸಿಲ್ಲ ಅಂದಿದ್ದು. ಇತ್ತು. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು, ಅದಕ್ಕೇ ಹಾಗಂದೆ."

"ಈಗ?"

"ಈಗಲೂ ಹೆದರಿಕೆ ಇದೆ."

"ನಾನು ಕೇಳಿದ್ದು ಇನ್ನೊಂದರ ಬಗ್ಗೆ."

ಅವಳು ಮುಖ ತಿರುಗಿಸಿದಳು. "ಅದೂ ಇದೆ."

ಅಷ್ಟರಲ್ಲಿ ಅವಳ ಫೋನಿನಲ್ಲಿ ಹೊಸ ಪ್ರಶ್ನೆ ಮೂಡಿತ್ತು. ಇನ್ನು ಮುಂದೆಯೂ ಇದೇ ನಂಬರು ಇರಲಿಯೇ? ಬದಲಾಯಿಸುವುದಾದರೆ ಈ ನಂಬರಿಗೆ ಬಂದಿರುವ ಕೋಡ್ ನಮೂದಿಸಿ. ಅವನ ಕೈಯಲ್ಲಿ ಫೋನು ಮತ್ತೊಮ್ಮೆ ಬೆಳಗಿತು.

ಅವಳು ಕಣ್ಣೊರೆಸಿಕೊಂಡಳು. ಹೇಳಬೇಕಾದ್ದನ್ನು ಈಗಲೇ ಹೇಳಬೇಕು, ಇಲ್ಲದಿದ್ದರೆ ಮುಂದೆ ಬಾಯಿ ಬರುವುದಿಲ್ಲ. 'ನೀವು' ತಾನಾಗಿ 'ನೀನು' ಆಯಿತು.

"ಕೇಳು. ಇದು ಮುಗಿಯೋ ಕಥೆ ಅಲ್ಲ. ವಾರಕ್ಕೆ ಮೂರು ದಿನ ಆಸ್ಪತ್ರೆ. ಕುದಿಯೋ ಗೋಂದಿನ ಹಬೆಗೆ ಮುಖ ಕೊಟ್ಟ ಹಾಗಿರುತ್ತೆ ದಿನಾ. ಒಂದು ದಿನ ಇದಕ್ಕಿಂತ ಕೆಟ್ಟದ್ದೂ ಬರುತ್ತೆ, ಅದೂ ನನಗೆ ಗೊತ್ತು. ಈಗ ನಿನ್ನ ನಂಬರು ತೆಗೆದು ನಂದು ಹಾಕ್ತೀನಿ. ನಿನಗೆ ಯಾವ ಮೆಸೇಜೂ ಬರಲ್ಲ, ಯಾವ ಕಾಯೋದೂ ಇರಲ್ಲ. ನಾನು ತಪ್ಪು ತಿಳಿಯಲ್ಲ, ಆಣೆ. ಆ ಕೋಡ್ ಹೇಳಿಬಿಡು."

ಅವನು ಫೋನಿನ ಕಡೆ ನೋಡಲೂ ಇಲ್ಲ. ಅದನ್ನು ಮಗುಚಿ ಮೆಟ್ಟಿಲ ಮೇಲಿಟ್ಟು, ಗ್ರೀಸು ಮೆತ್ತಿದ ಕೈಯನ್ನು ಅದರ ಮೇಲೆ ಊರಿದ.

"ಹೇಳಲ್ಲ."