ಹಲ್ಲಿಗೆ ಬೆಚ್ಚಗಾದ ಬ್ಯಾಡ್ಜು

ಹಳೆಯ ಸೇನಾ ಬ್ಯಾಡ್ಜು ಕೊಳ್ಳುವ ಮುನ್ನ ನಾನು ಅದರ ಎನಾಮಲ್ಲನ್ನು, ಅಂದರೆ ಬಣ್ಣದ ಗಾಜಿನ ಲೇಪವನ್ನು, ಹಲ್ಲಿಗೆ ತಾಗಿಸುತ್ತೇನೆ. ಅಸಲಿಯಾದರೆ ಗಾಜಿನಂತೆ ತಣ್ಣಗೆ ಕೊರೆಯುತ್ತದೆ, ನಕಲಿಯ ಪ್ಲಾಸ್ಟಿಕ್ಕು ಕೊರೆಯುವುದಿಲ್ಲ.

ಬ್ಯಾಲರಟ್‌ನ ನಡುಚಳಿಗಾಲದ ಜುಲೈ ಸಂತೆಗೆ ನೊರೀನ್ ಎಂಬ ಮುದುಕಿ ತಂದದ್ದು, ಮೊದಲ ಮಹಾಯುದ್ಧಕ್ಕೆ ಮಗನನ್ನು ಕಳಿಸಿದ ತಾಯಿಗೆ ಸರ್ಕಾರ ಕೊಟ್ಟ ಬ್ಯಾಡ್ಜು. ಹಲ್ಲಿಗಿಟ್ಟೆ. ಬೆಚ್ಚಗಿತ್ತು.

“ನಕಲಿ ಅಮ್ಮಾ.”

“ನಾಲಿಗೆ ಬಿಗಿಹಿಡಿಯಪ್ಪ! ಮಗ ಬರೋವರೆಗೂ ತೆಗೆಯಲ್ಲ ಅಂತ ನಮ್ಮಜ್ಜಿ ಇದನ್ನ ಎದೇಲಿ ಚುಚ್ಕೊಂಡೇ ಸತ್ಲು. ಅವನು ಬರಲೇ ಇಲ್ಲ.”

ಭೂತಗನ್ನಡಿಯಲ್ಲಿ ನೋಡಿದೆ. ಅಚ್ಚಿನ ಗೆರೆಗಳು ಚೂಪಾಗಿದ್ದವು, ಎನಾಮಲ್ಲು ನಿಜವಾದ ಗಾಜು. ಎಲ್ಲವೂ ಅಸಲಿ.

ಪಕ್ಕದ ಮೇಜಿನ ಮರ್ವ್ ನಕ್ಕ. “ಈ ಅಮ್ಮನ ಜೇಬಲ್ಲಿತ್ತಲ್ಲೋ, ಬೆಚ್ಚಗಿರದೆ ಇನ್ನೇನು? ಹೊರಗಿಟ್ಟು ನೋಡು, ದಡ್ಡ!”

ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟೆ. ಮಧ್ಯಾಹ್ನವಾದರೂ ಬಾನೆಟ್ಟಿನ ತುಂಬ ಹಿಮದ ಪುಡಿ ಹಾಗೇ ಇತ್ತು. ಬ್ಯಾಡ್ಜಿನ ಸುತ್ತ ಮಾತ್ರ ಅಂಗೈಯಗಲ ಕರಗಿ ಒಣಗಿತ್ತು. ಮರ್ವ್ ಟೋಪಿ ತೆಗೆದ.

ಕೊಂಡು ತಂದೆ. ಗಾಜಿನ ಪೆಟ್ಟಿಗೆಯಲ್ಲಿಡಲು ಮನಸ್ಸಾಗದೆ, ಗೂಟದಲ್ಲಿ ತೂಗುತ್ತಿದ್ದ ಹಳೆಯ ಉಣ್ಣೆ ಕೋಟಿನ ಎದೆಗೆ ಚುಚ್ಚಿದೆ.

ಈಗ ಬ್ಯಾಡ್ಜು ಹಲ್ಲಿಗೆ ತಣ್ಣಗೆ ಕೊರೆಯುತ್ತದೆ, ಅಸಲಿ ಕೊರೆಯುವ ಹಾಗೆಯೇ. ಯಾರೂ ತೊಡದ ಆ ಕೋಟಿನೊಳಗೆ ಕೈಹಾಕಿದರೆ, ಅಸ್ತರು ಬೆಚ್ಚಗಿರುತ್ತದೆ.