ನೀಲಿ ಗುರುತು

ಚಿತ್ತೆ ಮಳೆ ಹಿಡಿದಿತ್ತು. ಬೆಟ್ಟದ ತಪ್ಪಲಿನ ದನದ ದೊಡ್ಡಿಯಲ್ಲಿ ಕೆಂಪುಟ್ಟಮ್ಮ ಸಗಣಿ ಬಾಚುತ್ತಿದ್ದಳು. ಅವಳ ತಲೆಯ ಮೇಲೆ ಸರ್ಕಾರಿ ಇಲಾಖೆಯ ಹಾರುವ ಅಣಬೆಶೋಧಕ ಗುಂಯ್‌ಗುಡುತ್ತ ಸುತ್ತುತ್ತಿತ್ತು. ಸಗಣಿಯ ಮೇಲೆ ಏಳುವ ಅಮಲಿನ ಅಣಬೆ ಗಾಳಿಗೆ ಬಿಡುವ ಬೀಜಕಣಗಳನ್ನು ಆ ಯಂತ್ರ ಮೂಸಿ ಹಿಡಿಯುತ್ತಿತ್ತು. ಸಿಕ್ಕ ಅಣಬೆಯ ಮೇಲೆ ಮಳೆಗೂ ಅಳಿಯದ ನೀಲಿ ಬಣ್ಣ ಚಿಮ್ಮಿಸುತ್ತಿತ್ತು. ಇಲಾಖೆಯ ನಾಶದಳ ಬಂದು ಸುಡುವ ತನಕ ದೊಡ್ಡಿಯವರು ಅದನ್ನು ಮುಟ್ಟುವಂತಿರಲಿಲ್ಲ. ಅದು ಸಾಕ್ಷ್ಯ. ಹಿಂದೆಲ್ಲ ಕಾಲಲ್ಲಿ ಹೊಸಕಿ ತಿಪ್ಪೆಗೆ ಎಳೆಯುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಈಗ ನಾಶದಳ ಬರಬೇಕು. ನಾಶದಳದ ಜೀಪು ಸದಾ ರಿಪೇರಿಯಲ್ಲಿರುತ್ತಿತ್ತು.

ಯಂತ್ರ ರೂಪಿಸಿದ ವಿಜ್ಞಾನಿ ಡಾಕ್ಟರ್ ಶ್ರೀವತ್ಸ ನೋಟಿಸು ಹಿಡಿದು ಬಂದರು. ಹಿಂದಿನ ವರ್ಷ, ಯಂತ್ರದ ಪರೀಕ್ಷೆಗೆ ಬಂದಿದ್ದಾಗ ಅವರು ಮಂಜಿನಲ್ಲಿ ದಾರಿ ತಪ್ಪಿದ್ದರು. ಕೆಂಪುಟ್ಟಮ್ಮ ಮುದ್ದೆ ಇಕ್ಕಿ, ಆನೆ ತಿರುಗುವ ಹಾದಿಯಲ್ಲಿ ಮುಂದೆ ಮುಂದೆ ನಡೆದು ಡಾಂಬರು ರಸ್ತೆ ಮುಟ್ಟಿಸಿದ್ದಳು. "ಈ ಋಣ ತೀರಿಸದೆ ಬಿಡೋಲ್ಲಮ್ಮ" ಎಂದು ಅವರು ಕೈ ಮುಗಿದಿದ್ದರು.

"ಗುರುತು ಮಾಡಿದ ಅಣಬೆಗಳೆಲ್ಲ ಕಾಣೆಯಾಗಿವೆ. ನೀವೇ ಮಾರಿದ್ದೀರಿ ಅನ್ನೋದು ಇಲಾಖೆಯ ತೀರ್ಮಾನ. ದೊಡ್ಡಿ ಖಾಲಿ ಮಾಡಬೇಕಂತೆ" ಎಂದರು, ಈಗ ನೋಟಿಸು ಚಾಚುತ್ತ.

"ನಾನ್ಯಾಕ್ ಮಾರ್ಲಿ ಬುದ್ಧಿ? ಪ್ಯಾಟೆ ಹೈಕ್ಳು ಬತ್ತವೆ, ನೀಲಿ ನೋಡ್ತವೆ, ಕಿತ್ಕೊಂಡು ಓಯ್ತವೆ. ಮೊದ್ಲು ಯಾವ್ದು ಎಂತದು ಅಂತ ತಿಳೀದೆ ಸಿಕ್ಕಿದ್ನೆಲ್ಲ ತಿಂದು, ಕಕ್ಕಂಡು, ಅಂಗೇ ಊರು ಸೇರ್ತಿದ್ದೊ. ಈಗ ಸರ್ಕಾರವೇ ಆರ್ಸಿ ಕೊಡ್ತದಲ್ಲ!"

ಡಾಕ್ಟರರ ಮುಖ ಇಳಿಯಿತು. ನಗರದ ಪಾರ್ಟಿಗಳಲ್ಲಿ ನೀಲಿ ಇಲ್ಲದ ಮಾಲನ್ನು ಯಾರೂ ಕೊಳ್ಳುತ್ತಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಕಾರಣ ಮಾತ್ರ ಹೊಳೆದಿರಲಿಲ್ಲ. ಅಥವಾ ಹೊಳೆಯಲು ಬಿಟ್ಟಿರಲಿಲ್ಲ.

"ಈ ಮಾತ್ನ ನೀವೇ ಸಾಯೇಬ್ರಿಗೆ ಹೇಳ್ಬುಡಿ. ನನ್ ದನ ಉಳ್ಕತವೆ."

"ಹೇಳಿದ್ರೆ ಯೋಜನೆಯೇ ನಿಂತು ಹೋಗುತ್ತಮ್ಮ. ಇದು ದೇಶದ ಪ್ರಶ್ನೆ."

"ಅವತ್ತು ಮಂಜ್ನಲ್ಲಿ ಕೂತ್ಕಂಡು ಅಳ್ತಿತ್ತಲ್ಲ, ಅದೇ ದೇಸವಾ?"

ಅವರು ಶೂಗೆ ಮೆತ್ತಿದ ಸಗಣಿ ಕೆರೆಯುತ್ತ ನಿಂತರು. ಕಚೇರಿಗೆ ಹೋಗಿ, ಯಂತ್ರದಲ್ಲಿ ದೋಷವಿಲ್ಲವೆಂದು ಬರೆದುಕೊಟ್ಟರು.

ಇಲಾಖೆಯವರು ದೊಡ್ಡಿ ಎತ್ತಿಸಿದರು. ಮೇವಿಲ್ಲದ ಬಯಲಿಗೆ ಇಳಿದ ದನಗಳನ್ನು ಕೆಂಪುಟ್ಟಮ್ಮ ಸಂತೆಗೆ ಹೊಡೆದಳು. ಮುಂದಿನ ಚಿತ್ತೆಗೆ ಯಂತ್ರ ಖಾಲಿ ದೊಡ್ಡಿಯ ಮೇಲೆ ಸುತ್ತಿತು. ದನವಿಲ್ಲ, ಸಗಣಿಯಿಲ್ಲ, ಅಣಬೆಯೂ ಇಲ್ಲ. ಇಲಾಖೆ ಅದನ್ನು ಸಂಪೂರ್ಣ ಯಶಸ್ಸೆಂದು ಸಾರಿತು. ಪೇಟೆಯ ಹೈಕಳು ನೀಲಿ ಹುಡುಕಿಕೊಂಡು ಪಕ್ಕದ ಬೆಟ್ಟಕ್ಕೆ ಹೋದವು. ಯಂತ್ರವೂ ಅಲ್ಲಿಗೇ ಹೋಗಿತ್ತು.

ಇಲಾಖೆ ತಮಗೆ ಹೊದಿಸಿದ ಸನ್ಮಾನದ ಶಾಲು ಹಿಡಿದು ಡಾಕ್ಟರರು ಕೆಂಪುಟ್ಟಮ್ಮನನ್ನು ಹುಡುಕಿ ಬಂದರು. ಅವಳು ಯಾರದೋ ಅರಿಸಿನದ ಹೊಲದಲ್ಲಿ ಕಳೆ ಕೀಳುತ್ತಿದ್ದಳು.

"ನಿಮ್ಮ ಋಣ ದೊಡ್ಡದಮ್ಮ. ಇದು ನಿಮಗೇ ಸೇರಬೇಕು."

ಅವಳು ತಲೆಯೆತ್ತಲಿಲ್ಲ.

"ಶಾಲು ನಿಮ್ಗೇ ಇರ್ಲಿ ಬುದ್ಧಿ. ಋಣಾನೂ ಇರ್ಲಿ."