ಆರನೇ ಹಾಸಿಗೆಯ ಚರ್ಮ

ಬೆಳಿಗ್ಗೆ 9.10ಕ್ಕೆ ಆಸ್ಪತ್ರೆಯ ಲ್ಯಾಬ್ ಮೇಲ್ವಿಚಾರಕಿ ಠಾಣೆಗೆ ಓಡಿಬಂದಳು. ಇನ್‌ಸ್ಪೆಕ್ಟರ್ ನೀರು ಕೊಟ್ಟಳು.

“ಏನು ಕಳುವಾಯ್ತು?”

“ಚರ್ಮ, ಮೇಡಂ.”

ಬರೆಯುತ್ತಿದ್ದ ಕಾನ್‌ಸ್ಟೇಬಲ್ ‘ಮೀಸೆ’ ತಲೆಯೆತ್ತಿದ. “ಯಾವ ಪ್ರಾಣಿದು?”

“ಮನುಷ್ಯಂದು ಕಣ್ರೀ!”

ಸುಟ್ಟಗಾಯದ ವಾರ್ಡಿನ ವೆಲ್ಡರ್‌ನದು. ಅವನ ಮೈಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು ಮೂರು ವಾರ ಲ್ಯಾಬಿನಲ್ಲಿ ಬೆಳೆಸಿದ ಹಾಳೆಗಳು. ಸಂಜೆ 4ಕ್ಕೆ ಅವನ ಬೆನ್ನಿಗೆ ಕೂರಿಸಬೇಕಿತ್ತು. ಬೇರೆ ಯಾರ ಮೈಗೂ ಅವು ಹಿಡಿಯವು. ಮತ್ತೆ ಬೆಳೆಸೋಣವೆಂದರೆ ಅಷ್ಟು ದಿನ ಅವನು ಉಳಿಯುವ ಭರವಸೆಯಿಲ್ಲ.

9.40ಕ್ಕೆ ಎಫ್‌ಐಆರ್. 10.15ಕ್ಕೆ ಲ್ಯಾಬಿನಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ, ನೆಲ ಒರೆಸುವವರು ಬಾಗಿಲು ತೆರೆದಿಟ್ಟಿದ್ದರು. ಹಾಳೆಗಳಿದ್ದ ಪೆಟ್ಟಿಗೆಯ ಜೊತೆ ಗುಲಾಬಿ ದ್ರವದ ಬಾಟಲಿಯೂ ಹೋಗಿತ್ತು.

“ಅದೇನು?”

“ಚರ್ಮಕ್ಕೆ ಹಾಕೋ ಆಹಾರ. ನಾವು ಊಟ ಅಂತೀವಿ.”

ಮಾರಲು ಕದ್ದವನು ಊಟ ಯಾಕೆ ಹೊರುತ್ತಾನೆ? “ಹೊರಗಿನೋರಲ್ಲಿ ಯಾರಿಗೆ ಇದು ಗೊತ್ತು?”

ಮೇಲ್ವಿಚಾರಕಿ ತಲೆ ತಗ್ಗಿಸಿದಳು. ಒಬ್ಬ ದರ್ಜಿಗೆ. ಲಾಂಡ್ರಿಯ ಬಾಯ್ಲರ್ ಸಿಡಿದು ಸುಟ್ಟ ಅವನ ಅಕ್ಕ ಆರನೇ ಹಾಸಿಗೆಯಲ್ಲಿದ್ದಳು; ಅವಳ ಚರ್ಮವೂ ಲ್ಯಾಬಿನಲ್ಲಿ ಬೆಳೆಯುತ್ತಿತ್ತು. ದಿನಾ ಲ್ಯಾಬಿನ ಕಿಟಕಿಗೆ ಬಂದು “ಅಕ್ಕಂಗೆ ಊಟ ಆಯ್ತಾ?” ಅನ್ನುತ್ತಿದ್ದ. ಆಕೆ ತೀರಿಕೊಂಡು ಹನ್ನೊಂದು ದಿನ. ಆಮೇಲೂ ಬರುತ್ತಿದ್ದ.

“ನೀವೇನಂತಿದ್ರಿ?”

“ಆಯ್ತಪ್ಪ ಅಂತಿದ್ದೆ. ಅಕ್ಕನ ಹಾಳೆಗಳನ್ನ ಅವತ್ತೇ ನಾಶ ಮಾಡಿದ್ವಿ ಅನ್ನೋಕೆ ಬಾಯಿ ಬರ್ಲಿಲ್ಲ.”

“ಪೆಟ್ಟಿಗೆ ಮೇಲೆ ಹೆಸರಿರಲಿಲ್ವಾ?”

“ಹಾಸಿಗೆ ನಂಬರ್ ಅಷ್ಟೇ. ಆರು. ಆಕೆ ಹೋದ್ಮೇಲೆ ವೆಲ್ಡರ್‌ನ ಬೇರೆ ಹಾಸಿಗೆಯಿಂದ ಅಲ್ಲಿಗೆ ತಂದ್ರು, ಪೆಟ್ಟಿಗೆ ನಂಬರೂ ಬದಲಾಯ್ತು.”

12.50. ದರ್ಜಿಯ ಕೋಣೆ. ಒಂದು ಹೊಲಿಗೆ ಯಂತ್ರ, ಎರಡು ಮಂಚ. ಒಂದರ ಹಾಸು ಮಡಿಕೆ ಮುರಿದಿರಲಿಲ್ಲ. ಅವನು ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದ.

“ತೆರೆದ್ಯಾ?” ಇನ್‌ಸ್ಪೆಕ್ಟರ್ ಕೇಳಿದಳು.

“ಇಲ್ಲ. ಇನ್ನೂ ಊಟದ ಹೊತ್ತಾಗಿಲ್ಲ. ಅಕ್ಕನ ಚರ್ಮ ಬಿಸಾಕ್ತಾರೆ ಅಂತ ವಾರ್ಡಿನ ಆಯಾ ಹೇಳಿದ್ಲು. ಜೀವ ಇರೋದನ್ನ ಹೆಂಗ್ರೀ ಬಿಸಾಕ್ತಾರೆ?”

“ಇದು ನಿನ್ನ ಅಕ್ಕಂದಲ್ಲಪ್ಪ. ಆರನೇ ಹಾಸಿಗೇಲಿ ಈಗ ಬೇರೆಯೋನಿದಾನೆ. ನಾಲ್ಕು ಗಂಟೆಗೆ ಇದಿಲ್ದಿದ್ರೆ ಅವನೂ ಹೋಗ್ತಾನೆ.”

“ಅಕ್ಕಂದು?”

“ಅವತ್ತೇ ಹೋಯ್ತು.”

ಅವನು ಅಳಲಿಲ್ಲ. ಕಂಬಳಿ ಸಮೇತ ಎತ್ತಿ ಕೊಟ್ಟ. “ಬೇಗ ಹೋಗ್ರಿ, ತಣ್ಣಗಾದೀತು.”

1.05ಕ್ಕೆ ಬಂಧನ. ಪೆಟ್ಟಿಗೆಯ ಸೀಲ್ ಒಡೆದಿರಲಿಲ್ಲ; 4.20ಕ್ಕೆ ಹಾಳೆಗಳು ವೆಲ್ಡರ್‌ನ ಬೆನ್ನು ಸೇರಿದವು. ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಇನ್‌ಸ್ಪೆಕ್ಟರ್ “ಲಾಭಕ್ಕಲ್ಲ, ಮನೆಯಲ್ಲಿ ಇನ್ನೊಬ್ಬರಿರಲೆಂದು” ಎಂದು ಬರೆದಳು.

ಮೀಸೆ ಬಂಧನದ ನಮೂನೆ ತುಂಬಿಸುತ್ತಿದ್ದ. “ಯಾರಿಗೆ ತಿಳಿಸ್ಬೇಕಪ್ಪ? ಹತ್ತಿರದೋರ ನಂಬರ್ ಹೇಳು.”

ದರ್ಜಿ ಬಾಯಿಪಾಠವಿದ್ದ ಒಂದೇ ನಂಬರನ್ನು ಹೇಳತೊಡಗಿದ. ಐದನೇ ಅಂಕಿಗೆ ನಿಂತುಬಿಟ್ಟ.